ಮಣ್ಣಿಗೆ ಬಾಯಿ ಕೊಟ್ಟ ಎರೆಹುಳ

ಲೋಕ ಇನ್ನೂ ಎಳೆಯದಾಗಿದ್ದ ಕಾಲ ಅದು, ಪುಟ್ಟೀ. ಗುಡ್ಡಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಹೊಳೆಗಳು ಹರಿಯುವ ದಾರಿಯನ್ನು ಆಗಷ್ಟೇ ಕಲಿಯುತ್ತಿದ್ದವು. ಗಾಳಿ ಮಾತಾಡುತ್ತಿತ್ತು, ಮಣ್ಣು ಮಾತಾಡುತ್ತಿತ್ತು, ಹೊಲದ ಪೈರೂ ಮಾತಾಡುತ್ತಿತ್ತು.

ಆಗ ಮಣ್ಣು ಈಗಿನ ಹಾಗೆ ಮೆತ್ತಗಿರಲಿಲ್ಲ. ಚೆನ್ನಾಗಿ ಸುಟ್ಟ ಮಡಕೆಯ ಹಾಗೆ ಗಟ್ಟಿ! ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತಿತ್ತು.

ಎರೆಹುಳವೂ ಈಗಿನ ಹಾಗಿರಲಿಲ್ಲ. ಅದಕ್ಕೆ ಸಾಲುಸಾಲಾಗಿ ಪುಟ್ಟ ಕಾಲುಗಳಿದ್ದವು. ಸಾಸಿವೆ ಕಾಳಿನಂಥ ಎರಡು ಕಣ್ಣುಗಳಿದ್ದವು. ನೆಲದ ಮೇಲೆಯೇ ಗುಡುಗುಡು ಓಡಾಡಿಕೊಂಡಿರುತ್ತಿತ್ತು. ಹೂವು ನೋಡುವುದೆಂದರೆ ಅದಕ್ಕೆ ಬಲು ಇಷ್ಟ. ಬಿಸಿಲೆಂದರೆ ಬಲು ಭಯ.

ಆ ಕಾಲದಲ್ಲಿ ಒಂದು ಗುಡ್ಡದ ಇಳಿಜಾರಿನಲ್ಲಿ ಹಾಲವ್ವ ಅನ್ನುವ ಹೆಂಗಸು ನವಣೆ ಬೆಳೆಯುತ್ತಿದ್ದಳು. ಗುಡ್ಡದ ಬುಡದಲ್ಲಿ, ಹೊಳೆಯ ದಂಡೆಯ ಮೇಲೆ, ಅವಳ ತಮ್ಮ ಓಬಣ್ಣನ ಗುಡಿಸಲು. ಓಬಣ್ಣನ ಹೆಂಡತಿ ಸಾಕವ್ವ. ಅವರಿಗೆ ಆಗತಾನೇ ಒಂದು ಹೆಣ್ಣುಮಗು ಹುಟ್ಟಿತ್ತು.

ಅಕ್ಕ ತಮ್ಮ ಇಬ್ಬರಿಗೂ ಪ್ರೀತಿ ಬೇಕಾದಷ್ಟು. ಜಗಳವೂ ಬೇಕಾದಷ್ಟು! ಜಗಳವೆಲ್ಲ ನೀರಿನದೇ.

"ಏ ಓಬಾ, ನನ್ನ ಹೊಲದ ಮಳೆಯನ್ನೆಲ್ಲ ನಿನ್ನ ಹೊಳೆ ಕದೀತದೆ ಕಣೋ! ನನ್ನ ನವಣೆ ಬಾಯಾರಿ ಸಾಯ್ತಾ ಇದೆ" ಅಂತ ಹಾಲವ್ವ ಮೇಲಿನಿಂದ ಕೂಗುತ್ತಿದ್ದಳು.

"ಅಕ್ಕಾ, ಕದಿಯೋದು ಯಾರು? ನೀನೇ ನಿನ್ನ ಗುಡ್ಡದ ನೀರನ್ನೆಲ್ಲ ನನ್ನ ತಲೆ ಮೇಲೆ ಸುರೀತಾ ಇದ್ದೀಯ!" ಅಂತ ಓಬಣ್ಣ ಕೆಳಗಿನಿಂದ ಕೂಗುತ್ತಿದ್ದ.

ಒಂದು ದಿನ ಮಳೆ ಬಂತು ನೋಡು! ಎಂಥ ಮಳೆ! ಧೋ ಧೋ ಸುರಿಯಿತು, ಸರ್ರನೆ ಇಳಿಯಿತು. ಗುಡ್ಡದ ಮೈಮೇಲೆ ಒಂದು ಹನಿಯೂ ನಿಲ್ಲಲಿಲ್ಲ.

"ನಿಲ್ಲೋ, ಸ್ವಲ್ಪ ನಿಲ್ಲೋ!" ಅಂತ ನವಣೆ ಪೈರು ಬೇಡಿಕೊಂಡಿತು.

"ಎಲ್ಲಿ ನಿಲ್ಲಲಿ? ನನಗೆ ಕೂರೋದಕ್ಕೆ ಜಾಗವೇ ಇಲ್ಲವಲ್ಲ!" ಅಂತ ಮಳೆನೀರು ಓಡಿಯೇ ಹೋಯಿತು.

ಹೊಳೆ ಕೆಂಪಾಯಿತು. ಹೊಳೆ ಉಬ್ಬಿತು. "ಓಬಣ್ಣಾ, ಓಡು! ನನ್ನನ್ನು ನಾನೇ ಹಿಡಿಯೋದಕ್ಕೆ ಆಗ್ತಾ ಇಲ್ಲ!" ಅಂತ ಹೊಳೆಯೇ ಅರಚಿಕೊಂಡಿತು.

ಅಷ್ಟರಲ್ಲಿ ನೀರು ಗುಡಿಸಲಿನ ಬಾಗಿಲಿಗೆ ಬಂದಿತ್ತು. ಓಬಣ್ಣ ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ತಲೆಯ ಮೇಲಿಟ್ಟುಕೊಂಡ. ಸಾಕವ್ವ ಅವನ ಸೊಂಟ ಹಿಡಿದುಕೊಂಡಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೂ ಬಂತು!

ಹಾಲವ್ವ ಮೇಲಿನಿಂದ ಅದನ್ನು ನೋಡಿದಳು. ಜಗಳ ಮರೆತೇಹೋಯಿತು. ಎತ್ತಿನ ಹಗ್ಗ ಹಿಡಿದುಕೊಂಡು ಜಾರುತ್ತಾ ಬೀಳುತ್ತಾ ಓಡಿ ಬಂದಳು. ಹಗ್ಗದ ಒಂದು ತುದಿಯನ್ನು ಹೊಂಗೆ ಮರಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಬೀಸಿ ಎಸೆದಳು.

"ಹಿಡ್ಕೊಳೋ ತಮ್ಮಾ! ಬಿಡಬೇಡ! ಸಾಕವ್ವಾ, ನೀನೂ ಹಿಡ್ಕೊಳೇ!"

ಹಾಲವ್ವ ಎಳೆದಳು. ಹಿಂದಿನಿಂದ ಗಾಳಿಯೂ ನೂಕಿತು. ಮೂವರೂ ದಂಡೆಗೆ ಬಂದು ಬಿದ್ದರು. ಬುಟ್ಟಿಯಲ್ಲಿದ್ದ ಮಗು ಒಮ್ಮೆ ಸೀನಿತು, ಅಷ್ಟೇ. ಆದರೆ ಗುಡಿಸಲು ಮಾತ್ರ ಅವರ ಕಣ್ಣೆದುರೇ ತಿರುಗುತ್ತಾ ತಿರುಗುತ್ತಾ ತೇಲಿಹೋಯಿತು.

ಓಬಣ್ಣನ ಸಂಸಾರ ಅಕ್ಕನ ಮನೆಯಲ್ಲೇ ಉಳಿಯಿತು. ಸ್ವಲ್ಪ ದಿನ ಕಳೆಯಿತು. ಒಂದು ಮಧ್ಯಾಹ್ನ ಓಬಣ್ಣ ಹೊಲಕ್ಕೆ ಹೋದವನು ಹಾಗೇ ನಿಂತುಬಿಟ್ಟ. ನವಣೆಯ ಎಲೆಗಳೆಲ್ಲ ಸುರುಳಿ ಸುತ್ತಿಕೊಂಡು ಜೋತುಬಿದ್ದಿದ್ದವು.

"ಅಕ್ಕಾ, ಇದೇನಿದು! ನನ್ನ ಮನೆ ಕೊಚ್ಚಿಹೋಗುವಷ್ಟು ಮಳೆ ಬಂದಿದೆ. ನಿನ್ನ ಪೈರು ಆಗಲೇ ಬಾಡಿದೆಯಾ?"

"ನಾನು ಇಷ್ಟು ದಿನ ಅದನ್ನೇ ಕೂಗಿ ಹೇಳ್ತಾ ಇದ್ದೆನಲ್ಲೋ!"

ಹಾಲವ್ವ ಗುದ್ದಲಿ ತಂದು ನೆಲ ಅಗೆದಳು. ಮೇಲೆ ತೆಳ್ಳಗೆ ಒಂದು ಪದರ ತೇವ. ಅದರ ಕೆಳಗೆ ಒಣ ಮಣ್ಣು! ಬೂದಿಯ ಹಾಗೆ ಒಣ ಮಣ್ಣು!

ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ಅಕ್ಕನ ಮುಖ ನೋಡಿದ. ಇಲ್ಲಿ ಪೈರನ್ನು ಬಾಡಿಸಿದ ನೀರೂ, ಅಲ್ಲಿ ಗುಡಿಸಲನ್ನು ಕೊಚ್ಚಿದ ನೀರೂ ಒಂದೇ. ಮಣ್ಣಿನೊಳಗೆ ಇಳಿಯದ ನೀರು ಅದು.

"ಯಾಕೆ ತಾಯೀ, ನೀನು ಕುಡಿಯಲಿಲ್ಲ?" ಅಂತ ಹಾಲವ್ವ ಮಣ್ಣನ್ನೇ ಕೇಳಿದಳು.

ಮಣ್ಣು ಬಿಕ್ಕಿತು. "ನನಗೂ ಬಾಯಾರಿದೆ ಹಾಲವ್ವಾ. ಆದರೆ ಕುಡಿಯೋಣ ಅಂದರೆ ನನಗೆ ಬಾಯಿಯೇ ಇಲ್ಲವಲ್ಲ!"

ಅಷ್ಟರಲ್ಲಿ ಸಾಕವ್ವ ಬದುವಿನ ಕಡೆಯಿಂದ ಕೂಗಿದಳು. "ಬನ್ನಿ, ಬೇಗ ಬನ್ನಿ! ಇಲ್ಲೊಂದು ಪೈರು ನೆಟ್ಟಗೆ ನಿಂತಿದೆ!"

ಇಬ್ಬರೂ ಓಡಿದರು. ಹೌದು! ಸುತ್ತಲಿನ ಪೈರೆಲ್ಲ ಬಾಡಿದೆ, ನಡುವೆ ಒಂದೇ ಒಂದು ನವಣೆ ಪೈರು ಹಸಿರಾಗಿ ನಗುತ್ತಾ ನಿಂತಿದೆ. ಅದರ ಬುಡದಲ್ಲಿ ಒಂದು ಸಣ್ಣ ತೂತು. ಹಾಲವ್ವ ಅಲ್ಲಿ ಅಗೆದಳು. ತೇವ! ಇನ್ನೂ ಅಗೆದಳು. ಇನ್ನೂ ತೇವ! ಮೊಣಕೈವರೆಗೆ ಕೈ ಇಳಿಸಿದರೂ ತಣ್ಣಗೆ ತೇವ!

"ಯಾರು ಮಾಡಿದ್ದು ಈ ತೂತು?"

ತೂತಿನಿಂದ ಎರೆಹುಳ ಅಂಜುತ್ತಾ ತಲೆ ಹೊರಗೆ ಹಾಕಿತು. "ನಾನೇ ಹಾಲವ್ವಾ. ಬಿಸಿಲು ತಡೆಯಲಾಗದೆ ಬಚ್ಚಿಟ್ಟುಕೊಳ್ಳೋಣ ಅಂತ ಕೊರೆದೆ. ತಪ್ಪಾಯಿತೇ?"

"ತಪ್ಪಲ್ಲಪ್ಪಾ, ತಪ್ಪಲ್ಲ! ನೀನು ಮಣ್ಣಿಗೆ ಬಾಯಿ ಮಾಡಿದ್ದೀಯ!" ಹಾಲವ್ವ ಕುಣಿದೇಬಿಟ್ಟಳು.

ಓಬಣ್ಣ ಮಾತ್ರ ಕುಣಿಯಲಿಲ್ಲ. "ಅಕ್ಕಾ, ಒಂದು ಪೈರಿನ ಮಾತು ಬೇರೆ. ಇಡೀ ಗುಡ್ಡ, ಇಡೀ ಹೊಳೆಯ ಮಾತು ಬೇರೆ. ಪುಟ್ಟ ತೂತು ಪ್ರವಾಹ ತಡೆಯುತ್ತದೆ ಅಂದರೆ ಯಾರು ನಂಬುತ್ತಾರೆ?"

"ಹಾಗಾದರೆ ಮಾಡಿಯೇ ನೋಡೋಣ, ಬಾ" ಅಂದಳು ಹಾಲವ್ವ.

ಅಂಗಳದಲ್ಲಿ ಅವಳು ಮಣ್ಣು ಕಲಸಿ ಒಂದು ಪುಟಾಣಿ ಗುಡ್ಡ ಮಾಡಿದಳು. ಬುಡದಲ್ಲಿ ಬೆರಳಲ್ಲಿ ಗೀರಿ ಪುಟಾಣಿ ಹೊಳೆ ಮಾಡಿದಳು. ದಂಡೆಯ ಮೇಲೆ ಒಂದು ಎಲೆ ಮಡಚಿಟ್ಟು, ಇದು ಓಬಣ್ಣನ ಗುಡಿಸಲು ಅಂದಳು. ಗುಡ್ಡ ಬಿಸಿಲಿಗೆ ಗಟ್ಟಿಯಾದ ಮೇಲೆ ಸಾಕವ್ವ ಅದರ ನೆತ್ತಿಯ ಮೇಲೆ ಒಂದು ಕೊಡ ನೀರು ಹೊಯ್ದಳು. ಸರ್ರನೆ ಇಳಿಯಿತು ನೀರು! ಎಲೆಯ ಗುಡಿಸಲು ಅಂಗಳದ ಆಚೆಗೆ ಹೋಗಿ ಬಿತ್ತು.

"ಅಯ್ಯೋ, ನನ್ನ ಮನೆ!" ಅಂದ ಓಬಣ್ಣ.

ಆಮೇಲೆ ಹಾಲವ್ವ ಕಡ್ಡಿ ತಗೊಂಡು ಪುಟಾಣಿ ಗುಡ್ಡದ ಮೈತುಂಬ ಚುಚ್ಚಿದಳು. ಇನ್ನೊಂದು ಎಲೆ ಮಡಚಿಟ್ಟಳು. ಸಾಕವ್ವ ಇನ್ನೊಂದು ಕೊಡ ಹೊಯ್ದಳು. ಈ ಸಲ ನೀರು ಓಡಲಿಲ್ಲ. ಗುಳುಗುಳು, ಗುಳುಗುಳು ಅಂತ ತೂತುಗಳೊಳಗೆ ಇಳಿಯಿತು. ಪುಟಾಣಿ ಹೊಳೆಗೆ ನೀರು ಬಂತು, ಆದರೆ ಮೆಲ್ಲಗೆ ಬಂತು. ಎಲೆಯ ಗುಡಿಸಲು ನಿಂತಲ್ಲೇ ನಿಂತಿತು!

"ನಿಂತಿತು! ನಿಂತಿತು ಅಕ್ಕಾ!" ಈಗ ಓಬಣ್ಣನೂ ಕುಣಿದ.

ಅವನು ಕೂಡಲೇ ಕೋಲು ಹಿಡಿದು ದೊಡ್ಡ ಗುಡ್ಡಕ್ಕೆ ಓಡಿದ. ಚುಚ್ಚಿದ, ಚುಚ್ಚಿದ, ಕೈ ಬೊಬ್ಬೆ ಬರುವವರೆಗೆ ಚುಚ್ಚಿದ. ಆದರೆ ಸಂಜೆಯ ತುಂತುರಿಗೇ ತೂತುಗಳೆಲ್ಲ ಕೆಸರು ಕೂತು ಮುಚ್ಚಿಹೋದವು. ಎರೆಹುಳದ ತೂತು ಮಾತ್ರ ಮುಚ್ಚಲಿಲ್ಲ. ಹುಳ ತನ್ನ ಮೈಯ ಲೋಳೆಯಿಂದ ಅದನ್ನು ಒಳಗೆಲ್ಲ ಸಾರಿಸಿತ್ತು.

ಹಾಲವ್ವ ಬದುವಿನ ಹತ್ತಿರ ಹೋಗಿ ಕೂತಳು. "ಎರೆಹುಳಪ್ಪಾ, ಇದು ನಮ್ಮಿಂದ ಆಗೋ ಕೆಲಸವಲ್ಲ. ನೀನು, ನಿನ್ನ ಬಳಗ, ಎಲ್ಲರೂ ಸೇರಿ ಗುಡ್ಡದ ತುಂಬ ಬಾಯಿ ಮಾಡಿಕೊಡ್ತೀರಾ?"

ಎರೆಹುಳ ತನ್ನ ಕಾಲುಗಳನ್ನು ಚಾಚಿ ತೋರಿಸಿತು.

"ಹಾಲವ್ವಾ, ಒಂದು ತೂತು ಕೊರೆಯೋದರಲ್ಲೇ ನನ್ನ ಕಾಲುಗಳು ಸವೆದಿವೆ ನೋಡು. ಇಡೀ ಗುಡ್ಡ ಕೊರೆದರೆ ಒಂದೂ ಉಳಿಯಲ್ಲ. ಕತ್ತಲಲ್ಲೇ ಇದ್ದರೆ ಕಣ್ಣೂ ಹೋಗುತ್ತವೆ. ನನಗೆ ಹೂವು ನೋಡೋದು ಇಷ್ಟ."

ಹಾಲವ್ವ ಆ ಸವೆದ ಕಾಲುಗಳನ್ನು ಬೆರಳಲ್ಲಿ ಸವರಿದಳು. "ಬಲವಂತ ಮಾಡೋದಿಲ್ಲಪ್ಪಾ" ಅಂದಳು, ಅಷ್ಟೇ.

ಆಗ ಸಾಕವ್ವನ ಕಂಕುಳಲ್ಲಿದ್ದ ಮಗು ಬಾಡಿದ ಪೈರಿನ ಕಡೆ ಕೈ ಚಾಚಿತು. ಎಲೆ ಮುಟ್ಟಿದರೆ ಪುಡಿಪುಡಿಯಾಗಿ ಉದುರಿತು. ಎರೆಹುಳ ಅದನ್ನು ನೋಡಿತು. ಸುತ್ತಲೂ ನೋಡಿತು. ಗುಡ್ಡದಲ್ಲಿ ಒಂದು ಹೂವೂ ಉಳಿದಿರಲಿಲ್ಲ.

"ಹೀಗೇ ಆದರೆ ನೋಡೋದಕ್ಕೆ ಹೂವಾದರೂ ಎಲ್ಲಿ?" ಅಂದುಕೊಂಡಿತು ಅದು. ಆಮೇಲೆ ಗಟ್ಟಿಯಾಗಿ ಹೇಳಿತು, "ಆಯಿತು ಹಾಲವ್ವಾ, ಹೋಗ್ತೇವೆ. ಆದರೆ ಒಳಗೆ ನಮಗೆ ಊಟ?"

"ನೆಲದ ಮೇಲೆ ಸೊಪ್ಪು ಹರಡ್ತೇವೆ, ಹುಲ್ಲು ಹರಡ್ತೇವೆ, ಸಗಣಿ ಹಾಕ್ತೇವೆ. ನೆಲವನ್ನು ಬರಿದಾಗಿ ಬಿಡೋದೇ ಇಲ್ಲ. ಮಾತು ಕೊಟ್ಟೆ!"

"ನಾನೂ ಮಾತು ಕೊಟ್ಟೆ!" ಅಂದ ಓಬಣ್ಣ.

ಎರೆಹುಳ ಕೊನೆಯ ಸಲ ಆಕಾಶ ನೋಡಿತು. ಆಮೇಲೆ ತಲೆ ತಗ್ಗಿಸಿ ಮಣ್ಣಿಗೆ ಇಳಿಯಿತು. ಅದರ ಹಿಂದೆ ಅದರ ಬಳಗ. ಸಾವಿರ, ಸಾವಿರ, ಮತ್ತೆ ಸಾವಿರ!

ಕೆಲಸ ಶುರುವಾಯಿತು! ಓಬಣ್ಣ ಹೊಳೆ ದಂಡೆಯಿಂದ ಸೊಪ್ಪಿನ ಹೊರೆ ಹೊತ್ತು ತಂದ. ಹಾಲವ್ವ, ಸಾಕವ್ವ ಅದನ್ನು ಇಳಿಜಾರಿನ ತುಂಬ ಹರಡಿದರು. ಗಾಳಿ ತರಗೆಲೆ ತಂದು ಸುರಿಯಿತು. ಎರೆಹುಳಗಳು ಎಲೆಗಳನ್ನು ಒಳಗೆ ಎಳೆದುಕೊಂಡವು, ತಿಂದವು, ಕೊರೆದವು. ಕಾಲು ಸವೆದವು, ಕೊರೆದವು. ಕಣ್ಣು ಮಂಜಾದವು, ಕೊರೆದವು. "ಕಚಗುಳಿ ಆಗ್ತದೆ!" ಅಂತ ಮಣ್ಣು ಮೊದಲ ಸಲ ನಕ್ಕಿತು. ನಕ್ಕ ಮಣ್ಣು ಸಡಿಲವಾಯಿತು.

ಓಬಣ್ಣ ಹೊಳೆ ದಂಡೆಯಲ್ಲಿ ಮತ್ತೆ ಗುಡಿಸಲು ಕಟ್ಟಿದ. ಅಷ್ಟರಲ್ಲಿ ಮೂಡಣದಲ್ಲಿ ಮೋಡ ಎದ್ದಿತು. ಎಮ್ಮೆ ಹಿಂಡಿನ ಹಾಗೆ ಕಪ್ಪು ಮೋಡ!

"ಓಬಾ, ಎಲ್ಲರೂ ಮೇಲೆ ಬನ್ನಿ!" ಅಂದಳು ಹಾಲವ್ವ.

"ನಾನು ಇಲ್ಲೇ ಇದ್ದು ನೋಡ್ತೀನಿ ಅಕ್ಕಾ. ಮಣ್ಣು ಕುಡಿದರೆ ನಾನ್ಯಾಕೆ ಓಡಬೇಕು?"

"ಕುಡಿಯದಿದ್ದರೆ? ಮಗುವನ್ನು ಪಣಕ್ಕಿಡ್ತೀಯೇನೋ?"

ಓಬಣ್ಣ ತಲೆ ತಗ್ಗಿಸಿದ. ಸಾಕವ್ವನನ್ನೂ ಮಗುವನ್ನೂ ಅಕ್ಕನ ಜೊತೆ ಕಳಿಸಿದ. ತಾನು ದಂಡೆಯ ಹೊಂಗೆ ಮರ ಹತ್ತಿ ಕೂತ.

ಮಳೆ ಬಂತು! ಹಿಂದಿನ ಮಳೆಗಿಂತ ದೊಡ್ಡ ಮಳೆ! ಧೋ ಧೋ ಸುರಿಯಿತು. ಹಾಲವ್ವ ಉಸಿರು ಬಿಗಿಹಿಡಿದು ಇಳಿಜಾರನ್ನೇ ನೋಡಿದಳು. ಸರ್ರನೆ ಇಳಿಯುತ್ತದಾ? ಸರ್ರನೆ ಇಳಿಯುತ್ತದಾ?

ಇಲ್ಲ! ಗುಳುಗುಳು! ಗುಳುಗುಳು! ಗುಡ್ಡದ ತುಂಬ ಒಂದೇ ಸದ್ದು. ಮಣ್ಣು ಕುಡಿಯುತ್ತಿತ್ತು! ಸಾವಿರ ಬಾಯಿಯಿಂದ ಕುಡಿಯುತ್ತಿತ್ತು!

"ಬಾ, ಬಾ, ಒಳಗೆ ಬಾ, ಕೂತುಕೋ" ಅಂತ ಮಣ್ಣು ಮಳೆನೀರನ್ನು ಕರೆಯಿತು.

"ಅಬ್ಬಾ, ಕೊನೆಗೂ ಜಾಗ ಸಿಕ್ಕಿತು!" ಅಂತ ಮಳೆನೀರು ಒಳಗೆ ಹೋಗಿ ಬೇರಿನ ಪಕ್ಕ ಕೂತುಕೊಂಡಿತು.

ಹೊಳೆ ಏರಿತು. ಮೆಲ್ಲಗೆ ಏರಿತು. ಓಬಣ್ಣ ಕೊಂಬೆಯನ್ನು ಬಿಗಿಯಾಗಿ ಹಿಡಿದುಕೊಂಡ. ಹೊಳೆ ದಂಡೆಯ ಅಂಚಿಗೆ ಬಂತು. ಅಲ್ಲೇ ನಿಂತಿತು. "ಈಗ ನನ್ನನ್ನು ನಾನು ಹಿಡಿದುಕೊಳ್ಳಬಲ್ಲೆ ಓಬಣ್ಣಾ" ಅಂದಿತು.

"ಅಕ್ಕಾ! ದಾಟಲಿಲ್ಲ! ನೀರು ದಂಡೆ ದಾಟಲಿಲ್ಲ!" ಓಬಣ್ಣ ಮರದ ಮೇಲಿಂದ ಕೂಗಿದ ಕೂಗು ಗುಡ್ಡಕ್ಕೆಲ್ಲ ಕೇಳಿಸಿತು.

ಮಣ್ಣಿನೊಳಗೆ ಮಾತ್ರ ಎರೆಹುಳಗಳ ಮನೆಗಳೆಲ್ಲ ನೀರಿನಿಂದ ತುಂಬಿದ್ದವು. "ನನಗೆ ಹೊಟ್ಟೆ ತುಂಬಿತು. ಇನ್ನು ನೀವು ಮೇಲೆ ಹೋಗಿ, ಹಾಲವ್ವನವರಿಗೂ ಹೇಳಿ ಬನ್ನಿ" ಅಂತ ಮಣ್ಣು ಅವುಗಳನ್ನು ಮೇಲಕ್ಕೆ ಕಳಿಸಿತು.

ಮಳೆ ನಿಂತ ಮೇಲೆ ಅವು ತೆವಳುತ್ತಾ ಹೊರಗೆ ಬಂದವು. ಕಾಲಿಲ್ಲ, ಕಣ್ಣಿಲ್ಲ. ನುಣುಪಾದ ಕೆಂಪು ಮೈ ಮಾತ್ರ. ಮೊದಲು ಇಳಿದಿದ್ದ ಎರೆಹುಳವನ್ನು ಹಾಲವ್ವ ಅಂಗೈ ಮೇಲೆ ಎತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು ನಿಂತಿತ್ತು.

"ಮಣ್ಣಿಗೆ ಹೊಟ್ಟೆ ತುಂಬಿತು ಹಾಲವ್ವಾ. ಹೊಳೆ ಎಲ್ಲಿಯವರೆಗೆ ಬಂತು? ನನಗೆ ಕಾಣಿಸ್ತಾ ಇಲ್ಲ."

"ದಂಡೆಯಲ್ಲೇ ನಿಂತಿದೆಯಪ್ಪಾ. ನನ್ನ ತಮ್ಮನ ಗುಡಿಸಲೂ ನಿಂತಿದೆ. ಉಳಿದ ನವಣೆ ಎಲೆ ಬಿಚ್ಚಿಕೊಂಡಿದೆ. ಬದುವಿನಲ್ಲಿ ತುಂಬೆ ಗಿಡ ಚಿಗುರಿದೆ. ಇನ್ನು ನಾಲ್ಕು ದಿನಕ್ಕೆ ಹೂ ಬಿಡುತ್ತದೆ."

"ಆಗಲಿ. ಅದರ ಬೇರು ನನ್ನ ಮನೆ ತಲುಪಿದಾಗ, ಮೇಲೆ ಹೂ ಬಂತು ಅಂತ ನನಗೆ ಗೊತ್ತಾಗುತ್ತದೆ" ಅಂತ ಎರೆಹುಳ ಅವಳ ಅಂಗೈಯಿಂದ ಇಳಿದು, ಒದ್ದೆ ಮಣ್ಣಿನ ಮೇಲೆ ಸ್ವಲ್ಪ ಹೊತ್ತು ತೆವಳಿ, ಮತ್ತೆ ಒಳಗೆ ಹೋಯಿತು.

ಅದಕ್ಕೇ ಪುಟ್ಟೀ, ಜೋರು ಮಳೆ ಹೊಯ್ದು ನಿಂತ ಮೇಲೆ ಅಂಗಳದ ಒದ್ದೆ ನೆಲದಲ್ಲಿ ಎರೆಹುಳ ಮೆಲ್ಲಮೆಲ್ಲಗೆ ತೆವಳುವುದು ನಿನಗೆ ಇವತ್ತಿಗೂ ಕಾಣುತ್ತದೆ: ಮಣ್ಣು ಹೊಟ್ಟೆ ತುಂಬ ಕುಡಿಯಿತು ಅಂತ ನಮಗೆ ಹೇಳಿ ಹೋಗಲು ಅದು ಮೇಲೆ ಬಂದಿರುತ್ತದೆ.