ಅಂಗೈ ಸೆರೆ

"ಬುದ್ಧಿ, ಒಂದು ಮಗುವಿನ ಮನಸ್ಸಿನಿಂದ ಅದರ ಅಪ್ಪನನ್ನು ತೆಗೆದುಹಾಕುವುದು ಹೇಗೆ?"

ಹೀಗೆ ಕೇಳಿದವನು ರಾಚಪ್ಪ. ಮಠದ ಪಾಠಶಾಲೆಯಲ್ಲಿ ಮಕ್ಕಳ ಊಟ, ಪಾಠ, ನಿದ್ದೆ ಎಲ್ಲವೂ ಅವನ ಹೊಣೆ. ಹೊಸದಾಗಿ ಬಂದಿದ್ದ ಒಂದು ಮಗುವಿನ ತಂದೆ ಜಿಲ್ಲೆಯ ಜೈಲಿನಲ್ಲಿದ್ದ. ಮಗು ಓದುತ್ತಿರಲಿಲ್ಲ, ಆಡುತ್ತಿರಲಿಲ್ಲ. ಗೇಟಿನ ಬಳಿ ಬಸ್ಸು ನಿಂತ ಸದ್ದಾದರೆ ಮಾತ್ರ ತಲೆಯೆತ್ತುತ್ತಿತ್ತು. ಅದರೆದುರು ಅಪ್ಪನ ಮಾತನ್ನು ಯಾರೂ ಎತ್ತಕೂಡದೆಂದು ರಾಚಪ್ಪ ಕಟ್ಟಪ್ಪಣೆ ಮಾಡಿದ್ದ. ಆದರೂ ಮಗು ಮರೆಯಲಿಲ್ಲ.

"ಕೂತುಕೋ" ಎಂದರು ಗುರುಗಳು. ಅವನು ಕೂತ. ಅವರು ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೆ ತಾಯಿ, ಹೆಂಡತಿ, ಹೊನ್ನಿ ಎಂಬ ಪುಟ್ಟ ಮಗಳು. ನೆರೆ ಬಂದು ಹೊಳೆ ಕೆಂಪಗೆ ತಿರುಗಿದ ಮೇಲೆ ಹರಿಗೋಲು ಇಳಿಸಬಾರದೆಂಬುದು ಅರಸನ ಕಟ್ಟಳೆ. ಒಂದು ಸಂಜೆ ಅಂಬಿಗ ಹೆಂಡ ಕುಡಿದು ಇಳಿಸಿದ. ನಡುಹೊಳೆಯ ಸುಳಿಯಲ್ಲಿ ಹರಿಗೋಲು ಮಗುಚಿತು. ಅವನು ಈಜಿ ದಡ ಸೇರಿದ. ಅವನನ್ನು ನಂಬಿ ಹತ್ತಿದ್ದ ಗಂಡ ಹೆಂಡಿರು ಸೇರಲಿಲ್ಲ. ಅರಸನ ಆಳುಗಳು ಬಂದು ಅವನನ್ನು ಹಗ್ಗ ಹಾಕಿ ಕರೆದೊಯ್ದರು. ಅದು ಅನ್ಯಾಯವೆಂದು ಹೆತ್ತ ತಾಯಿಯೂ ಹೇಳಲಿಲ್ಲ.

"ಅಪ್ಪ ಹೊಳೆಯಾಚೆ ಹೋಗವ್ನೆ" ಎಂದು ಹೆಂಡತಿ ಮಗಳಿಗೆ ಹೇಳಿದಳು. ಊರಿನ ಬೇರೆ ಮಕ್ಕಳಿಗೆ ಆ ಮಾತು ಸಾಕಾಗುತ್ತಿತ್ತೇನೋ. ಅಂಬಿಗನ ಮಗಳಿಗೆ ಹೊಳೆಯಾಚೆ ಎಂಬುದು ದೂರವಲ್ಲ. ಹೋದವನು ಹೊತ್ತು ಮುಳುಗುವುದರೊಳಗೆ ಬಂದೇ ಬರುತ್ತಾನೆ. ಹೊನ್ನಿ ದಿನವೂ ದಡದಲ್ಲಿ ಕೂತು ಕಾದಳು.

ಅಜ್ಜಿಗೆ ಅದನ್ನು ನೋಡಲಾಗಲಿಲ್ಲ. ಪಕ್ಕದಲ್ಲಿ ಹೋಗಿ ಕೂತಳು.

"ಕಾಯಬ್ಯಾಡ ಕೂಸೇ. ನಿಮ್ಮಪ್ಪ ಸೆರೇಲಿ ಅವ್ನೆ."

"ಯಾರ ಸೆರೇಲಿ ಅಜ್ಜಿ?"

ಮುದುಕಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಯಾರದು ಅಂತ ಹೇಳ್ಲಿ? ನಮ್ಮದೇ ಕಣೆ. ನಂದು, ನಿಂದು, ನಿಮ್ಮವ್ವಂದು."

ಆ ಸೀಮೆಯಲ್ಲಿ ಕುಳಿ ಮಾಡಿ ಹಿಡಿದ ಅಂಗೈಗೂ ಸೆರೆ ಎನ್ನುತ್ತಾರೆ. ಅಜ್ಜಿ ಹುರಿಗಡಲೆ ಕೊಡುವಾಗಲೆಲ್ಲ "ಸೆರೆ ಒಡ್ಡು" ಎನ್ನುತ್ತಿದ್ದಳು. ಹೊನ್ನಿಗೆ ಗೊತ್ತಿದ್ದದ್ದು ಆ ಒಂದೇ ಸೆರೆ. ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಮೆಲ್ಲಗೆ ಬೆರಳು ಮಡಚಿದಳು.

ಮತ್ತೆ ಬಿಚ್ಚಲಿಲ್ಲ.

ಎಡಗೈಯಲ್ಲಿ ಉಂಡಳು, ತಾಯಿಯಿಂದ ಏಟು ತಿಂದಳು. ಕಲ್ಲಾಟಕ್ಕೆ ಕರೆದರೆ ಹೋಗಲಿಲ್ಲ. ಮರ ಹತ್ತಲಿಲ್ಲ, ನೀರಿಗೆ ಇಳಿಯಲಿಲ್ಲ. "ಅಪ್ಪ ಆಳು ಮುಳುಗಿಸಿದ, ಮಗಳು ಏನೋ ಕದ್ದು ಮುಚ್ಚಿಟ್ಟವಳೆ" ಎಂದು ಊರ ಮಕ್ಕಳು ಹಿಂದೆ ಬಿದ್ದವು. ಅವಳು ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಮನೆಗೆ ಓಡಿ ಬರುತ್ತಿದ್ದಳು. ಮನೆಯಲ್ಲಿ ಅತ್ತೆ ಸೊಸೆಗೆ ಮಾತಿರಲಿಲ್ಲ. ಇದ್ದರೆ ಅದು ಜಗಳವಾಗಿತ್ತು.

ಒಂದು ದಿನ ಮೀಯಿಸುವಾಗ ತಾಯಿ ರೋಸಿಹೋಗಿ ಆ ಬೆರಳುಗಳನ್ನು ಎಳೆದು ಬಿಚ್ಚಲು ಹೋದಳು. ಮಗು ಹುಟ್ಟಿದಾಗಿನಿಂದ ಹಾಗೆ ಕಿರುಚಿರಲಿಲ್ಲ.

"ಬಿಡವ್ವಾ! ಅಪ್ಪ ಬಿದ್ದೋಯ್ತನೆ!"

ತಾಯಿಯ ಕೈಯಿಂದ ಚೊಂಬು ಜಾರಿತು. ಒಲೆಯ ಮುಂದಿದ್ದ ಅಜ್ಜಿಗೆ ತಾನು ದಡದಲ್ಲಿ ಆಡಿದ ಮಾತು ಈಗ ಅರ್ಥವಾಯಿತು.

"ನಿಮ್ಮ ನಾಲಿಗೆ ಆ ಹೊಳೇ ಸುಳಿಗಿಂತ ಕಡೆ" ಎಂದಳು ಸೊಸೆ. "ಮಗ ಒಂದು ಮನೆ ಮುಳುಗಿಸಿದ, ನೀವು ಇನ್ನೊಂದು. ಈಗಲೇ ಹೇಳಿ ಅವಳಿಗೆ, ಅಂಗೈಲಿ ಯಾರೂ ಇಲ್ಲ ಅಂತ."

ನಾಟಿ ವೈದ್ಯನೂ ಬೇಗ ಬಿಚ್ಚಿಸಿ ಎಂದ. ಮಣಿಕಟ್ಟನ್ನು ಒತ್ತಿ ನೋಡಿ, "ನರ ಗಟ್ಟಿಯಾಗ್ತಾ ಅದೆ. ಮಳೆಗಾಲ ಕಳೆಯೋವರೆಗೂ ಹಿಂಗೇ ಬಿಟ್ಟರೆ ಆಮೇಲೆ ಬಿಚ್ಚು ಅಂದರೂ ಈ ಕೈ ಬಿಚ್ಚಾಕಿಲ್ಲ" ಎಂದ.

ಹೇಳಿಯೇ ಬಿಡೋಣವೆಂದು ಅಜ್ಜಿ ಮರುದಿನ ಮಗುವನ್ನು ಹುಡುಕಿಕೊಂಡು ಹಿತ್ತಿಲಿಗೆ ಹೋದಳು. ಹೊನ್ನಿ ಬೇಲಿಯ ನೆರಳಿನಲ್ಲಿ ಕೂತಿದ್ದಳು. ಮುಷ್ಟಿಯನ್ನು ಬಾಯಿಯ ಬಳಿ ಹಿಡಿದು, ಹೆಬ್ಬೆರಳಿನ ಸಂದಿನಲ್ಲಿ ಮೆಲ್ಲಗೆ ಉಸಿರು ಊದುತ್ತಿದ್ದಳು. ಆಮೇಲೆ ತನ್ನ ಪಾಲಿನ ಅನ್ನದಲ್ಲಿ ಒಂದು ಅಗುಳು ತೆಗೆದು ಆ ಸಂದಿನ ಬಳಿ ಇಟ್ಟಳು. ಇಟ್ಟು ಕಾದಳು.

ಅಜ್ಜಿ ನಿಂತಲ್ಲೇ ನಿಂತಳು. ಊರಿಗೆ ಊರೇ ಆ ಅಂಬಿಗನ ಹೆಸರು ಹೇಳಿ ಉಗುಳುತ್ತಿತ್ತು. ಹೆಂಡತಿ ಅವನ ಬಟ್ಟೆಯನ್ನು ಗಂಟು ಕಟ್ಟಿ ಅಟ್ಟಕ್ಕೆ ಎಸೆದಿದ್ದಳು. ಹೆತ್ತವಳು ತಾನು ಕೂಡ ಅವನ ಹೆಸರೆತ್ತದೆ ದಿನ ದೂಡುತ್ತಿದ್ದಳು. ಲೋಕದಲ್ಲಿ ಎಲ್ಲೂ ಎಡೆಯಿಲ್ಲದ ಒಬ್ಬ ಮನುಷ್ಯನಿಗೆ ಒಂದು ಕೂಸು ತನ್ನ ಅಂಗೈಯಲ್ಲಿ ಮನೆ ಮಾಡಿ, ಗಾಳಿ ಅನ್ನ ಕೊಟ್ಟು ಸಾಕುತ್ತಿದೆ. ಅಲ್ಲಿ ಯಾರೂ ಇಲ್ಲ ಎಂದು ಯಾವ ಬಾಯಿಂದ ಹೇಳುವುದು?

"ನಡಿ ಕೂಸೇ, ದೂರ ಹೋಗಬೇಕು" ಎಂದಳು.

ಸೆರೆಮನೆ ಇದ್ದದ್ದು ಅರಸನ ಪಟ್ಟಣದಲ್ಲಿ. ಸೊಸೆ ಬರಲಿಲ್ಲ. "ಅವನ ಮುಖ ನೋಡಾಕಿಲ್ಲ" ಎಂದಳು. ಆದರೆ ಅವಳು ಕಟ್ಟಿಕೊಟ್ಟ ಬುತ್ತಿ ಮೂವರಿಗೆ ಆಗುವಷ್ಟಿತ್ತು. ಮುದುಕಿ ನಡೆದಳು. ದಣಿದಾಗ ಮಗು ಅಜ್ಜಿಯ ಬೆನ್ನೇರಿತು. ಆಗಲೂ ಎಡಗೈಯಿಂದ ಮಾತ್ರ ಕೊರಳು ತಬ್ಬಿತು.

ಸೆರೆಮನೆಯ ಬಾಗಿಲಲ್ಲಿ ಕಾವಲುಗಾರ ತಡೆದ.

"ಏಯ್ ಮುದುಕಿ, ಮಗೀನ ಮುಷ್ಟೀಲಿ ಏನದು? ಒಳಕ್ಕೆ ಏನೂ ಕೊಡೋ ಹಂಗಿಲ್ಲ."

"ನಿಮ್ಮ ಕೈದೀನೇ ಕಣಪ್ಪ" ಎಂದಳು ಅಜ್ಜಿ. "ಒಳಗೆ ಎಣಿಸಿ ನೋಡಿ, ಒಬ್ಬ ಕಮ್ಮಿ ಇದ್ದಾನು."

ಕಾವಲುಗಾರ ನಕ್ಕು ಒಳಗೆ ಬಿಟ್ಟ.

ಅಂಬಿಗ ಸರಳುಗಳ ಹಿಂದೆ ಬಂದು ನಿಂತ. ತಾಯಿಯನ್ನು ನೋಡಿದ. ಮಗಳನ್ನು ಕಂಡೊಡನೆ ಮುಖ ಗೋಡೆಗೆ ತಿರುಗಿಸಿಕೊಂಡ. "ಇವಳನ್ನ ಯಾಕೆ ಕರಕೊಂಡು ಬಂದೆ ಅವ್ವ? ನಾನು ಅವತ್ತೇ ಮುಳುಗಿಹೋದೆ ಅಂತ ಹೇಳಬಾರದಿತ್ತಾ?"

ಹೊನ್ನಿ ಅವನನ್ನು ನೋಡಿದಳು, ಮುಷ್ಟಿಯನ್ನು ನೋಡಿದಳು. ಇಬ್ಬರು ಅಪ್ಪಂದಿರು ಹೇಗಾದರೆಂದು ಅವಳು ಕೇಳಲಿಲ್ಲ. ಸರಳಿನ ಹತ್ತಿರ ಹೋದಳು.

"ಅಪ್ಪಾ, ಸೆರೆ ಒಡ್ಡು."

ಚಿಕ್ಕಂದಿನಿಂದ ಕೇಳಿದ ಮಾತು. ಅವನ ಕೈ ತಾನಾಗಿ ಹೊರಗೆ ಬಂದು ಅಂಗೈ ಕುಳಿಯಾಯಿತು. ಮಗು ಆ ಕುಳಿಯಲ್ಲಿ ತನ್ನ ಮುಷ್ಟಿ ಇಟ್ಟಿತು. ಬೆರಳುಗಳು ಬಿಚ್ಚಲು ಒಪ್ಪಲಿಲ್ಲ. ಎಡಗೈಯಿಂದ ಒಂದೊಂದೇ ಬೆರಳನ್ನು ಎತ್ತಿತು. ನೋವಿಗೆ ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ. ಒಳಗಿನ ಚರ್ಮ ಬೆಳಕು ಕಾಣದೆ ಬಿಳಿಚಿ, ಉಗುರು ಚುಚ್ಚಿದ ಗಾಯಗಳಾಗಿದ್ದವು.

"ತಕೋ. ನೆನೀದಂಗೆ ಮಡಗಿದ್ದೆ."

ಎರಡು ಜೀವ ನೀರಿಗೆ ಕೊಟ್ಟ ಆ ಕೈಗೆ ಅವನೇ ಒಂದು ಹನಿಯೂ ಸೋಕದೆ ಬಂದು ಸೇರಿದ್ದ. ಅಂಬಿಗ ಆ ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡ. ಕಾವಲುಗಾರ ಭರ್ಜಿಯನ್ನು ಗೋಡೆಗೆ ಒರಗಿಸಿದ. ಯಾಕೆ ಒರಗಿಸಿದನೆಂದು ಅವನಿಗೇ ತಿಳಿಯಲಿಲ್ಲ. ಹೊಳೆಯನ್ನು ಅದರ ಎಲ್ಲ ಬಣ್ಣಗಳಲ್ಲೂ ಕಂಡಿದ್ದ ಅಜ್ಜಿ, ಮೊಮ್ಮಗಳ ಎದುರು ಕೈಮುಗಿದು ನಿಂತಳು.

ಆ ಬಲಗೈ ಪೂರ್ತಿ ನೆಟ್ಟಗಾಗಲಿಲ್ಲ. ಆದರೆ ಕಲ್ಲಾಟ ಆಡಿತು, ನೀರು ಸೇದಿತು. ಅಜ್ಜಿ ಮೊಮ್ಮಗಳು ವರ್ಷ ವರ್ಷವೂ ಪಟ್ಟಣಕ್ಕೆ ನಡೆದರು. ಒಂದು ವರ್ಷ ಸೊಸೆಯೂ ಹಿಂದೆಯೇ ಬಂದು ದೂರದಲ್ಲಿ ನಿಂತಳು. ಬಿಡುಗಡೆಯಾಗಿ ಬಂದ ದಿನ ಅಂಬಿಗ, ಯಾರಾದರೂ ಹೋಗು ಎಂದರೆ ಮಾತ್ರ ಹೆಜ್ಜೆಯಿಡುವ ಸೆರೆಮನೆಯ ಅಭ್ಯಾಸದಿಂದ, ತನ್ನ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟ. ಉದ್ದಕ್ಕೆ ಬೆಳೆದಿದ್ದ ಹೊನ್ನಿ ಬಂದು "ಒಳಕ್ಕೆ ಬಾ ಅಪ್ಪ" ಎಂದಳು.

ಗುರುಗಳು ಕತೆ ನಿಲ್ಲಿಸಿದರು. ರಾಚಪ್ಪ ವ್ಯವಹಾರದ ಮನುಷ್ಯ.

"ಬುದ್ಧಿ, ಅಂಗೈಯಲ್ಲಿ ಯಾರೂ ಇಲ್ಲವೆಂದು ಮೊದಲೇ ಹೇಳಿ ಮರೆಸಿಬಿಟ್ಟಿದ್ದರೆ, ಆ ಮುದುಕಿಗೆ ಅಷ್ಟು ದೂರ ನಡೆಯುವುದು ತಪ್ಪುತ್ತಿತ್ತಲ್ಲವೇ?"

"ತಪ್ಪುತ್ತಿತ್ತು ರಾಚಪ್ಪ, ಇಷ್ಟು ದಿನ ನಿನಗೆ ಆ ಮಗುವಿನೊಡನೆ ಜೈಲಿನವರೆಗೆ ಹೋಗುವುದು ತಪ್ಪಿದ ಹಾಗೆ."