ಎಣ್ಣೆ ಏರದ ಬತ್ತಿ

ಆ ನೋವಿಗೆ ನಮ್ಮ ಕಡೆ ಒಂದು ಹೆಸರಿತ್ತು. ದವಡೆ ಸೆಳಕು ಎನ್ನುತ್ತಿದ್ದರು. ಅಲ್ಲ, ಚಳಕು, ದವಡೆ ಚಳಕು ಎಂದೇ ಇರಬೇಕು. ಊರು ಬಿಟ್ಟು ನಾಗಪುರಕ್ಕೆ ಬಂದು ಐವತ್ತೆರಡು ವರ್ಷವಾಯಿತು, ಕೆಲವು ಪದಗಳು ಅರ್ಧಕ್ಕೇ ನಿಲ್ಲುತ್ತವೆ. ಪ್ರಸಂಗ ಮಾತ್ರ ಪೂರ್ತಿ ನೆನಪಿದೆ. ಅದನ್ನು ಕಣ್ಣಾರೆ ಕಂಡ ನನ್ನ ತಾಯಿ ಹಲವು ಸಲ ಹೇಳಿದ್ದಾರೆ.

ಪೂಜ್ಯ ಹಾಲವ್ವ ತಾಯಿಯವರು ಊರ ಹೊರಗಿನ ಗದ್ದುಗೆಯ ಪಕ್ಕ, ತಗಡಿನ ಚಪ್ಪರದ ಕೆಳಗೆ ವಾಸವಾಗಿದ್ದರು. ಅಲ್ಲಿಗೆ ಬಂದವರು ಯಾರೇ ಆಗಲಿ, ಮಾತಿಗೆ ಮೊದಲು ಗದ್ದುಗೆಯ ದೀಪಕ್ಕೆ ಒಂದು ಬತ್ತಿ ಹೊಸೆಯಬೇಕೆಂಬುದು ಪದ್ಧತಿ. ತಾಯಿಯವರೇ ಹತ್ತಿ ಬಿಡಿಸಿ ಕೊಡುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕಸಾಲಿ ಮೌನೇಶಪ್ಪ ಪತ್ತಾರರು ಹೆಂಡತಿ ಕಾಳಮ್ಮನವರೊಡನೆ ಬಂದರು. ಬಲಗಲ್ಲದ ನೋವು ಮೂರು ವರ್ಷದಿಂದ ಅವರನ್ನು ಬಿಟ್ಟಿರಲಿಲ್ಲ. ಕಿವಿಯ ಬುಡದಲ್ಲಿ ಎದ್ದು ಕತ್ತಿಗೆ, ಹೆಗಲಿಗೆ ಇಳಿಯುತ್ತಿತ್ತು. ಹಲ್ಲಿನದೇ ಕಾಟವೆಂದು ನಾಲ್ಕು ಹಲ್ಲು ಕೀಳಿಸಿದ್ದರು. ನಾಲ್ಕೂ ಗಟ್ಟಿ ಹಲ್ಲುಗಳು. ನೋವು ಹೋಗಲಿಲ್ಲ. ಊದುಗೊಳವೆ ಬಾಯಿಗಿಡಲಾಗದೆ ಕುಲುಮೆ ಆರಿತ್ತು. ಮರುದಿನ ಆ ಬದಿಯ ಉಳಿದ ಹಲ್ಲುಗಳನ್ನೂ ಕೀಳಿಸುವುದೆಂದು ತೀರ್ಮಾನಿಸಿದ್ದರು.

“ಬತ್ತಿ ಹೊಸದ್ರ ದವಡಿ ನೋವು ಹೋಗತೈತೇನು?” ಎಂದು ಮೌನೇಶಪ್ಪನವರು ಹೆಂಡತಿಯನ್ನು ಕೇಳಿದರು.

“ಹಲ್ಲು ಕೀಳಿಸಿದ್ರೂ ಹೋಗಿಲ್ಲಲ್ರೀ. ನನಗ ಬೈಯಾಕಾದ್ರೂ ನಾಕು ಉಳಸ್ಕೋರಿ,” ಎಂದರು ಕಾಳಮ್ಮ.

ಮೌನೇಶಪ್ಪನವರು ಕುಳಿತು ತೊಡೆಯ ಮೇಲೆ ಬತ್ತಿ ಹೊಸೆದರು. ಚಿನ್ನದ ತಂತಿ ಎಳೆದ ಕೈ. ಬತ್ತಿಯೂ ತಂತಿಯಂತೆ ಸಣ್ಣಗೆ, ಬಿಗಿಯಾಗಿ ಬಂತು. ಇಂಥ ಬತ್ತಿಯನ್ನು ಗದ್ದುಗೆ ಕಂಡಿರಲಾರದು ಎಂಬ ಭಾವ ಮುಖದಲ್ಲಿತ್ತು. ತಾಯಿಯವರು ಅದನ್ನು ಹಣತೆಗೆ ಹಾಕಿ ಹಚ್ಚಿದರು. ತುದಿ ಕರಕಾಗಿ ಆರಿತು. ಮತ್ತೆ ಹಚ್ಚಿದರು. ಮತ್ತೆ ಆರಿತು.

“ಎಣ್ಣಿ ಏರವಲ್ದು,” ಎಂದರು ತಾಯಿಯವರು. “ಹೊಸಿಯೋವಾಗ ಹಲ್ಲು ಕಚ್ಚಿದ್ದಿ, ಪತ್ತಾರ. ಬಲ ಹೆಗಲು ಕಿವಿಗೆ ಹತ್ತಿತ್ತು. ಎಡಗಡೆ ಅಷ್ಟ ಭಾರ ಹಾಕಿ ಕುಂತಿದ್ದಿ. ಬಲ ಸೊಂಟಕ್ಕ ಏನಾಗೇತಿ?”

ಮೌನೇಶಪ್ಪನವರು ಆಗ ಹೇಳಿಕೊಂಡರು. ಆರು ವರ್ಷದ ಹಿಂದೆ ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ಆ ನೋವನ್ನು ಯಾರಿಗೂ ಹೇಳದೆ, ಓರೆಯಾಗಿ ಕುಳಿತು, ಹಲ್ಲು ಕಚ್ಚಿಕೊಂಡೇ ಕೆಲಸ ಮಾಡಿದ್ದರು. ಹೆಂಡತಿಗೂ ಅದು ತಿಳಿದದ್ದು ಅಂದೇ.

“ನೋವು ಗಲ್ಲದಾಗ ಹುಟ್ಟಿಲ್ಲೋ ತಮ್ಮಾ, ಬಂದು ಕುಂತೈತಿ. ಹಲ್ಲು ಇರ್ಲಿ.”

ತಾಯಿಯವರು ತಮ್ಮ ಕೌದಿಯನ್ನು ಮಡಚಿ ಅವರ ಬಲತೊಡೆಯ ಕೆಳಗಿಟ್ಟರು. ಮೌನೇಶಪ್ಪನವರ ಹೆಗಲು ತಾನಾಗಿ ಇಳಿಯಿತು. ನಿದ್ದೆ ಹೋದವರಂತೆ ಬಾಯಿ ತುಸು ತೆರೆಯಿತು. ಹಾಗೇ ಕುಳಿತು ಅವರು ಮಾಡಿದ ಎರಡನೆಯ ಬತ್ತಿ ದಪ್ಪಗೆ, ಸಡಿಲಾಗಿ, ಮಕ್ಕಳು ಹೊಸೆದಂತೆ ಬಂತು. ಅದು ಸಂಜೆಯವರೆಗೂ ಉರಿಯಿತು.

ನೋವು ಅಂದೇ ಹೋಯಿತೆಂದು ನನ್ನ ತಾಯಿ ಎಂದೂ ಹೇಳಲಿಲ್ಲ. ಹಲ್ಲು ಉಳಿದವು. ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡು, ಕೌದಿಯ ಮೇಲೆ ಕುಳಿತು, ಮೂರು ತಿಂಗಳಲ್ಲಿ ಮೌನೇಶಪ್ಪನವರು ಮತ್ತೆ ಊದುಗೊಳವೆ ಹಿಡಿದರು. ಮೋಡ ಕವಿದ ದಿನ ಚಳಕು ಬರುತ್ತಿತ್ತಂತೆ. ಆಗ ಹಲ್ಲು ಕಚ್ಚುತ್ತಿರಲಿಲ್ಲ. ಕೆಲಸ ನಿಲ್ಲಿಸಿ, “ಕಾಳವ್ವಾ, ಸೊಂಟ ನೋಯಾಕತ್ತೈತಿ” ಎಂದು ಒಳಗೆ ಕೇಳುವಂತೆ ಹೇಳುತ್ತಿದ್ದರು. ಕೊನೆಯವರೆಗೂ ಪ್ರತಿ ಸೋಮವಾರ ಗದ್ದುಗೆಗೆ ಸಡಿಲವಾದ ಬತ್ತಿಯನ್ನೇ ಹೊಸೆದರು.

ಚನ್ನೀ, ಇಷ್ಟು ಬರೆದು ನನ್ನ ಬೆರಳೂ ನೋಯುತ್ತಿವೆ. ನೋವು ಎಲ್ಲಿ ಹುಟ್ಟುತ್ತದೆಂದು ಹಾಲವ್ವ ತಾಯಿಯವರು ಹೇಳಿದ ಆ ಮಾತನ್ನು ಕೆಳಗೆ ಇನ್ನೊಮ್ಮೆ ನೀನೇ ಬರೆದುಬಿಡು, ಮೊಮ್ಮಗಳೇ.