ಎರಡು ತೊಟ್ಟಿ

ತಿಪಟೂರಿನ ಮಹಾಲಿಂಗಯ್ಯನವರ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಒಬ್ಬ ಮುದುಕಿ ಇದ್ದಳು. ಕಾರ್ಡು ಅಚ್ಚಾದ ಮೇಲೆ ಸ್ಕ್ರೀನಿನಲ್ಲಿ ಉಳಿದ ಅಕ್ಷರಗಳನ್ನು ತೊಳೆದು ತೆಗೆಯುವುದು ಅವಳ ಕೆಲಸ. ಮದುವೆ ಕಾರ್ಡಿನವಕ್ಕೆ ಮುಂದಿನ ತೊಟ್ಟಿ, ತಿಥಿ ಕಾರ್ಡಿನವಕ್ಕೆ ಹಿಂದಿನ ತೊಟ್ಟಿ. ಎರಡರ ನೀರನ್ನು ಅವಳು ಎಂದೂ ಬೆರೆಸಿದವಳಲ್ಲ.

ಒಂದು ದಿನ ಯಜಮಾನರು ಮಿಷನ್ನು ಮಾರುವವನನ್ನು ಕರೆತಂದು ಅವಳಿಗೆ ಹೇಳಿದರು:

“ತಾನೇ ತೊಳೆಯೋ ಮಿಷನ್ನು ಕಣಮ್ಮ. ದೊಡ್ಡದೋ ಚಿಕ್ಕದೋ, ನೀನೇ ಆರಿಸು. ಆಮೇಲೆ ಮನೇಲಿ ಶಿವಾ ಶಿವಾ ಅಂತ ಇದ್ದುಬಿಡು.”

ಮಗ ತೀರಿಹೋದ ಮೇಲೆ ಅವಳ ಮನೆಯಲ್ಲಿ ಯಾರೂ ಇರಲಿಲ್ಲ. ಮಾರುವವನನ್ನು ಮೆಲ್ಲಗೆ ಕೇಳಿದಳು, “ಇದರೊಳಗೆ ತೊಟ್ಟಿ ಎಷ್ಟಪ್ಪ?”

“ಒಂದೇ ಅಜ್ಜಿ. ಹಾಕಿದ ನೀರು ಚೆಲ್ಲೋದೇ ಬೇಡ, ಅದೇ ಸುತ್ತಿ ಸುತ್ತಿ ಬರುತ್ತೆ!”

“ಒಳ್ಳೇದಾಯ್ತು. ನನ್ನ ಮಗನ ತಿಥಿ ಕಾರ್ಡಿನ ಸ್ಕ್ರೀನು ತೊಳೀದೆ ಹಾಗೇ ಇದೆ. ಮಿಷನ್ನು ಬಂದ ಕೂಡಲೇ ಮೊದಲು ಅದನ್ನ ಹಾಕಿ. ಅದೇ ನೀರಿಗೆ ಯಜಮಾನರ ಮಗಳು ಗಿರಿಜಕ್ಕನ ಮದುವೆ ಕಾರ್ಡಿಂದು ಹಾಕೋಣ.”

ಯಜಮಾನರ ಕೈ ತಾನಾಗಿ ಎದೆಯ ಲಿಂಗದ ಮೇಲೆ ಹೋಯಿತು. “ಏಯ್, ತಡಿ! ನನ್ನ ಮಗಳ ಹೆಸರನ್ನ ಆ ನೀರಿಗಾ?”

“ಹಂಗಾದ್ರೆ ಎರಡು ತಗೊಳ್ಳಿ ಸಾರ್,” ಎಂದ ಮಾರುವವನು.

“ನೀನು ಮೊದಲು ಹೊರಡಪ್ಪ!”

ಹೀಗೆ ಮುದುಕಿಯ ಕೆಲಸ ಉಳಿಯಿತು. ಒಳಗೆ ಹೋಗುತ್ತಾ ಯಜಮಾನರು ತಿರುಗಿ ನೋಡಿ, “ಆ ಸ್ಕ್ರೀನು ಇನ್ನೂ ಯಾಕಮ್ಮ ಇಟ್ಟಿದೀಯ? ಇವತ್ತೇ ತೊಳೆದುಬಿಡು,” ಎಂದರು.

ಮುದುಕಿ ಅದನ್ನು ಹಿಂದಿನ ತೊಟ್ಟಿಗೆ ಒಯ್ದಳು. ಮಗನ ಹೆಸರಿನ ಮೇಲೆ ನೀರು ಹಾಕಲು ಕೈ ಏಳಲಿಲ್ಲ. ತಾನೇ ತೊಳೆಯುವ ಮಿಷನ್ನಿನವನನ್ನು ಅಷ್ಟು ಬೇಗ ಕಳಿಸಬಾರದಿತ್ತು ಎಂದು ಆಗ ಅವಳಿಗೆ ಅನ್ನಿಸಿತಂತೆ.